ಸೂತ್ರಾಧ್ಯಕ್ಷನೂ ಮನೆವಾರ್ತೆಯೂ

ಕೆಲಸ ಮಾಡಿಸುವ ಅಧಿಕಾರಿಯು ಕೆಲಸಗಾರರ ಮನೆವಾರ್ತೆಯನ್ನು ಎಷ್ಟರಮಟ್ಟಿಗೆ ಗಣನೆಗೆ ತಂದುಕೊಳ್ಳಬೇಕೆಂಬುದು ಗಿರಣಿ ಕಚೇರಿಗಳು ಹುಟ್ಟಿದ ಮೇಲೆ ಎದ್ದ ಪ್ರಶ್ನೆಯೆಂದು ಭಾವಿಸುವವರುಂಟು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರವನ್ನು ನೋಡಿದರೆ ಈ ಭಾವನೆಯು ನಿಲ್ಲುವುದಿಲ್ಲ. ಅದರ ಎರಡನೆಯ ಅಧಿಕರಣದ 23ನೆಯ ಅಧ್ಯಾಯವು ಅರಸನ ನೂಲು ನೇಯ್ಗೆಗಳ ಮೇಲ್ವಿಚಾರಕನಾದ ಸೂತ್ರಾಧ್ಯಕ್ಷನನ್ನು ಕುರಿತುದು.

ಹೊಸ್ತಿಲು ದಾಟದ ಹೆಂಗಸರು, ಗಂಡನು ದೂರದೇಶಕ್ಕೆ ಹೋಗಿರುವವರು, ವಿಧವೆಯರು, ಅಂಗಹೀನೆಯರು, ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳಬೇಕಾದ ಕನ್ಯೆಯರು, ಇವರಿಗೆ ಅಧ್ಯಕ್ಷನು ತನ್ನ ದಾಸಿಯರ ಮೂಲಕ ಮನೆಗೇ ಕೆಲಸವನ್ನು ಕಳುಹಿಸಿ ಆದರದಿಂದ ಮಾಡಿಸತಕ್ಕದ್ದು. ತಾವಾಗಿ ಸೂತ್ರಶಾಲೆಗೆ ಬರುವವರಾದರೆ ಬೆಳಗಿನ ಜಾವದಲ್ಲಿಯೇ ನೂಲನ್ನು ತೆಗೆದುಕೊಂಡು ಕೂಲಿಯನ್ನು ಕೊಡಬೇಕು. ದೀಪವು ನೂಲಿನ ಪರೀಕ್ಷೆಗೆ ಸಾಲುವಷ್ಟು ಮಾತ್ರ. ಹೆಂಗಸಿನ ಮುಖವನ್ನು ದಿಟ್ಟಿಸಿದರೂ ಅನ್ಯವಿಷಯವನ್ನು ಮಾತನಾಡಿದರೂ ಪೂರ್ವಸಾಹಸದಂಡ; ಕೂಲಿಯನ್ನು ಕಾಲಮೀರಿಸಿದರೆ ಮಧ್ಯಮಸಾಹಸದಂಡ. ಮೂರನೆಯ ಅಧಿಕರಣದಲ್ಲಿ ಹೇಳಿರುವಂತೆ ಮೊದಲನೆಯದು 48ರಿಂದ 96 ಪಣ, ಎರಡನೆಯದು 200ರಿಂದ 500 ಪಣ. ಕೂಲಿ ತಡವಾಗುವುದೇ ಹೆಚ್ಚಿನ ಅಪರಾಧ! ಆ ಕೂಲಿಯನ್ನೇ ನಂಬಿ ಒಲೆ ಹೊತ್ತಿಸುವವಳ ಸ್ಥಿತಿಯನ್ನು ನೆನೆದರೆ ಈ ತಾರತಮ್ಯವು ಅರ್ಥವಾದೀತು.

ಇಲ್ಲಿ ಇನ್ನೊಂದಂಶವು ವಿಚಾರಾರ್ಹವಾಗಿದೆ. ಕೂಲಿಯನ್ನು ನಿರ್ಣಯಿಸುವುದು ನೂಲಿನ ನಯ, ದಪ್ಪ, ಮೊತ್ತಗಳನ್ನು ನೋಡಿ. ಕುಳಿತಿದ್ದ ಹೊತ್ತನ್ನು ಎಣಿಸಿಯಲ್ಲ. ಆದಕಾರಣ ಮಗುವಿಗೆ ಹಾಲೂಡಿಸಿ ಬಂದು ಕದಿರು ಹಿಡಿದವಳಿಗೆ ನಷ್ಟವಿಲ್ಲ. ಹೆಚ್ಚು ನೂತವರಿಗೆ ಎಣ್ಣೆ, ನೆಲ್ಲಿಯ ಲೇಪನಗಳನ್ನೂ ಕೊಡಬೇಕೆಂದಿದೆ.

ಇದನ್ನೆಲ್ಲ ಶುದ್ಧ ಕರುಣೆಯೆಂದು ತರಗತಿಯಲ್ಲಿ ಹೊಗಳುವ ಉಪಾಧ್ಯಾಯರು ಮುಂದಿನ ವಾಕ್ಯವನ್ನೂ ಓದಿಸಬೇಕು: ಕೂಲಿ ಪಡೆದು ಕೆಲಸ ಮಾಡದವಳಿಗೆ ಹೆಬ್ಬೆರಳಿಗೆ ಸಂಬಂಧಪಟ್ಟ ಅಂಗಚ್ಛೇದ ಶಿಕ್ಷೆ. ಗ್ರಂಥಕರ್ತನ ಕಣ್ಣು ಬೊಕ್ಕಸದ ಮೇಲಿತ್ತು. ಆದರೂ ಮನೆಗೂ ಕೆಲಸಕ್ಕೂ ಹೊಂದಿಕೆಯನ್ನು ಅಧಿಕಾರಿಯ ಸೌಜನ್ಯಕ್ಕೆ ಬಿಡದೆ ಅವನ ಕರ್ತವ್ಯವನ್ನಾಗಿ ಮಾಡಿ, ಕೂಲಿ ನಡತೆಗಳಲ್ಲಿ ತಪ್ಪಿದರೆ ಅವನಿಗೇ ದಂಡ ವಿಧಿಸಿದುದು ಅವನ ಸೂಕ್ಷ್ಮದೃಷ್ಟಿ.

ನಮ್ಮ ಕಾಲದ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆಯನ್ನು ಕೊಟ್ಟಿತು. 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಗೃಹವನ್ನು ಕಡ್ಡಾಯ ಮಾಡಿ, ತಾಯಿಯು ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶವಿತ್ತಿತು. ರಜೆಯ ತರುವಾಯ ಮನೆಯಿಂದಲೇ ಕೆಲಸ ಮಾಡುವುದನ್ನು ಮಾತ್ರ ಉಭಯರ ಒಪ್ಪಿಗೆಗೆ ಬಿಟ್ಟಿತು. ಒಪ್ಪದ ಅಧಿಕಾರಿಗೆ ಅಲ್ಲಿ ಯಾವ ದಂಡವೂ ಇಲ್ಲ.