ಎರಡನೆಯ ಕಾರು

ಇಂಗ್ಲೆಂಡಿನಲ್ಲಿರುವ ನನ್ನ ಮಗನು, ಮನೆಯಲ್ಲಿ ಒಂದು ಕಾರು ಇದ್ದರೂ, ಕಿರುತಿರುಗಾಟಕ್ಕೆಂದು ಹಳೆಯದೊಂದು ಮಾಜ್ಡಾ ಎಂಎಕ್ಸ್-೫ ಕೊಳ್ಳುವ ವಿಚಾರವನ್ನು ಬರೆದಿದ್ದನು. ೧೯೮೯ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಜಪಾನೀ ಕ್ರೀಡಾವಾಹನಕ್ಕೆ ಆಸನಗಳು ಎರಡೇ, ಛಾವಣಿಯು ಮಡಿಸತಕ್ಕ ಬಟ್ಟೆಯದು, ಮುಂದಿರುವ ೧.೬ ಲೀಟರಿನ ಎಂಜಿನ್ನು ಹಿಂದಿನ ಚಕ್ರಗಳನ್ನು ತಿರುಗಿಸುವುದು.

ಎಂಜಿನ್ನು ದೀರ್ಘಾಯುವಾದುದು, ಒಡಲು ಹಾಗಲ್ಲ. ಛಾವಣಿಯ ನೀರು ಹರಿದುಹೋಗುವ ರಂಧ್ರಗಳು ಎಲೆ ಕಸಗಳಿಂದ ಮುಚ್ಚಿದರೆ, ಬಾಗಿಲ ಕೆಳಗೆ ಹೊಸ್ತಿಲಿನಂತಿರುವ ಟೊಳ್ಳು ಪಟ್ಟಿಯೊಳಗೆ ನೀರು ನಿಂತು, ತುಕ್ಕು ಅದನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗಣ ಬಣ್ಣವು ಇದನ್ನು ತಿಳಿಸದು.

ಆದುದರಿಂದ ಕೊಳ್ಳುವವರು ಹಿಂದಿನ ಚಕ್ರದ ಮುಂಗಡೆಯಲ್ಲಿ ಆ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡತಕ್ಕದ್ದು. ಆ ದೇಶದಲ್ಲಿ ವಾಹನಗಳ ವಾರ್ಷಿಕ ಪರೀಕ್ಷೆಯ ವರದಿಗಳು ಶುಲ್ಕವಿಲ್ಲದೆ ಯಾರಿಗಾದರೂ ದೊರೆಯುತ್ತವೆ, ಅವನ್ನೂ ಓದತಕ್ಕದ್ದು. ತುಕ್ಕಿನ ಮಾತು ವರ್ಷವರ್ಷವೂ ಬಂದಿದ್ದರೆ ಹಿಂದಿರುಗುವುದೇ ಲೇಸು. ಅಗ್ಗದಲ್ಲಿ ಕೊಂಡು ಬೆಸುಗೆಯವನಿಗೆ ಸುರಿದರೆ ಉಳಿದುದೇನು?

ಮಗನು ಥಳಥಳಿಸುತ್ತಿದ್ದ ಕೆಂಪು ಕಾರೊಂದನ್ನು ಬೆರಳಿಟ್ಟು ನೋಡಿ ಬಿಟ್ಟುಬಂದನಂತೆ. ಮಾಸಿದ ಬಣ್ಣದ, ಆದರೆ ಗಟ್ಟಿಯಾದ ಮತ್ತೊಂದನ್ನು ತಂದಿದ್ದಾನೆ. ಭಾನುವಾರಗಳಲ್ಲಿ ಅದನ್ನು ನಡೆಸುವವಳು ಸೊಸೆಯೇ. ಅವನಿಗೆ ಸರದಿ ಸಿಕ್ಕುವುದಿಲ್ಲವೆಂಬುದೊಂದೇ ಅವನ ದೂರು.