ಎದುರಾಳಿಯ ಎಲೆ ನಮ್ಮ ಕೈಯಲ್ಲಿ

ಗುಡಿಕಟ್ಟೆಯ ಕಲ್ಲಿನ ಮೇಲೆ ಗೆರೆ ಕೊರೆದು ಆಡುವ ಹುಲಿ-ಕುರಿ ಆಟ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ತಮಿಳಿನವರು ಆಡು ಪುಲಿ ಆಟ್ಟಂ ಅಂತಾರೆ, ತೆಲುಗಿನವರು ಪುಲಿ-ಮೇಕ ಅಂತಾರೆ. ಹೆಸರು ಯಾವುದಾದರೇನು, ಆಟದ ಗುಟ್ಟು ಒಂದೇ. ಇಬ್ಬರ ಬಲ ಸಮ ಅಲ್ಲ. ಹುಲಿ ಕೆಲವೇ ಕೆಲವು, ಆದರೆ ಹಾರಿ ಹೊಡೆಯುತ್ತವೆ. ಕುರಿಗಳು ಹೆಚ್ಚು, ಆದರೆ ಅವು ಸುತ್ತುಗಟ್ಟಿ ಹುಲಿಯನ್ನು ಅಲುಗಾಡದಂತೆ ಮಾಡಬೇಕು. ಚದುರಂಗದಂತೆ ಎರಡೂ ಕಡೆ ಒಂದೇ ದಂಡು ಇಲ್ಲಿಲ್ಲ.

ಇಂಥದೇ ಅಸಮ ಬಲದ, ಆದರೆ ಭೂಪಟವನ್ನೇ ಮಣೆ ಮಾಡಿಕೊಂಡ ಆಟವೊಂದು 2005ರಲ್ಲಿ ಅಮೆರಿಕದಲ್ಲಿ ಹೊರಬಂತು. ಹೆಸರು ‘ಟ್ವೈಲೈಟ್ ಸ್ಟ್ರಗಲ್’, ಅಂದರೆ ಮುಸ್ಸಂಜೆಯ ಹೋರಾಟ. 1961ರ ಜನವರಿಯಲ್ಲಿ ಅಧ್ಯಕ್ಷ ಕೆನಡಿ ಅಧಿಕಾರ ವಹಿಸಿಕೊಂಡ ದಿನದ ಭಾಷಣದಿಂದ ಎತ್ತಿಕೊಂಡ ಮಾತು ಅದು. ಆಟ ಕಟ್ಟಿದವರು ಆನಂದ ಗುಪ್ತಾ ಮತ್ತು ಜೇಸನ್ ಮ್ಯಾಥ್ಯೂಸ್ ಎಂಬ ಇಬ್ಬರು, ಪ್ರಕಟಿಸಿದ್ದು ಜಿಎಂಟಿ ಗೇಮ್ಸ್ ಎಂಬ ಕಂಪನಿ. ಮಣೆಯಾಟದ ಹುಚ್ಚಿರುವವರು ಅಂಕ ಕೊಟ್ಟು ಮಾಡುವ ಜಾಗತಿಕ ಪಟ್ಟಿಯಲ್ಲಿ ಇದು ಸುಮಾರು ಐದು ವರ್ಷ, 2016ರ ಆರಂಭದವರೆಗೂ, ಒಂದನೇ ಸ್ಥಾನದಲ್ಲಿತ್ತು. ಅದೇ ವರ್ಷ ಕಂಪ್ಯೂಟರಿನಲ್ಲಿ ಆಡುವ ರೂಪವೂ ಬಂತು.

ಆಡುವವರು ಇಬ್ಬರೇ. ಒಬ್ಬ ಅಮೆರಿಕ, ಇನ್ನೊಬ್ಬ ಸೋವಿಯತ್ ರಷ್ಯಾ. ಕಾಲ 1945ರಿಂದ 1989. ಎರಡನೇ ಮಹಾಯುದ್ಧ ಮುಗಿದ ಮೇಲೆ ಬರ್ಲಿನ್ ಗೋಡೆ ಬೀಳುವ ತನಕ ಈ ಎರಡು ದೇಶ ನೇರವಾಗಿ ಕೈ ಮಾಡದೆ, ಪರರ ಮನೆಯಂಗಳದಲ್ಲಿ ನಡೆಸಿದ ಶೀತಲ ಸಮರವನ್ನು ಎರಡು ಮೂರು ತಾಸಿನಲ್ಲಿ ಆಡಿ ಮುಗಿಸಬಹುದು. ಹತ್ತು ಸುತ್ತು. ಮೊದಮೊದಲು ರಷ್ಯಾದ ಕೈ ಮೇಲು, ಕೊನೆಕೊನೆಗೆ ಅಮೆರಿಕದ್ದು. ಯಾವ ಸುತ್ತಿನಲ್ಲಾದರೂ ಒಬ್ಬ 20 ಅಂಕ ಮುಂದೆ ಹೋದರೆ ಆಟ ಅಲ್ಲಿಗೇ ಖಲಾಸ್.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಕಾರಣ ಇರಲಿಲ್ಲ. ಬರೆಸುವುದು ಅದರ ಎಲೆಗಳು.

ಕೈಯಲ್ಲಿರುವ ಕೆಟ್ಟ ಎಲೆ

ಇಸ್ಪೀಟಿನಲ್ಲಿ 52 ಎಲೆ. ಇದರ ಈಗಿನ ಮುದ್ರಣದಲ್ಲಿ 110. ಒಂದೊಂದು ಎಲೆಯೂ ಒಂದೊಂದು ನಿಜವಾದ ಘಟನೆ ಅಥವಾ ವ್ಯಕ್ತಿ: ಮಾರ್ಷಲ್ ಯೋಜನೆ, ಕೊರಿಯಾ ಯುದ್ಧ, ನಾಸರ್, ಕ್ಯಾಸ್ಟ್ರೊ, ಚೆರ್ನೋಬಿಲ್. ಎಲೆಯ ಮೇಲೆ ಒಂದು ಅಂಕೆಯೂ ಇರುತ್ತದೆ. ಅದು ನಿಮ್ಮ ಬಂಡವಾಳ. ಅಷ್ಟು ಬಲವನ್ನು ಬೇರೆ ಬೇರೆ ದೇಶಗಳಲ್ಲಿ ಹೂಡಬಹುದು, ಇಲ್ಲವೇ ಕ್ಷಿಪ್ರಕ್ರಾಂತಿ ಮಾಡಿಸಿ ಎದುರಾಳಿಯನ್ನು ಓಡಿಸಬಹುದು.

ಎಡವಟ್ಟು ಎಲ್ಲಿದೆ ನೋಡ್ರಿ. ಎಲೆಗಳಲ್ಲಿ ಕೆಲವು ರಷ್ಯಾಕ್ಕೆ ಲಾಭ, ಕೆಲವು ಅಮೆರಿಕಕ್ಕೆ, ಉಳಿದವು ಇಬ್ಬರಿಗೂ ಸೇರಿದ್ದು. ಹಂಚುವಾಗ ಯಾರ ಎಲೆ ಯಾರ ಕೈಗಾದರೂ ಬರುತ್ತೆ. ಅಮೆರಿಕದವನ ಕೈಗೆ ಕ್ಯಾಸ್ಟ್ರೊ ಬಂದ ಅಂತಿಟ್ಟುಕೊಳ್ಳಿ. ಅಂಕೆಗೋಸ್ಕರ ಆ ಎಲೆ ಇಳಿಸಿದರೆ ಕ್ಯೂಬಾದಲ್ಲಿ ಅಮೆರಿಕ ಹೂಡಿದ್ದೆಲ್ಲಾ ಹೋಯಿತು, ದೇಶ ರಷ್ಯಾದ ಪಾಲಾಯಿತು. ತನ್ನ ಕೈಯಾರೆ! ಮೊದಲ ಮೂರು ಸುತ್ತಿನಲ್ಲಿ ಕೈಗೆ ಎಂಟು ಎಲೆ, ಅದರಲ್ಲಿ ಏಳನ್ನು ಆಡಲೇಬೇಕು. ಒಂದನ್ನು ಮಾತ್ರ ಮುಂದಿನ ಸುತ್ತಿಗೆ ಬಚ್ಚಿಡಬಹುದು. ಇನ್ನೊಂದನ್ನು ಅಂತರಿಕ್ಷ ಸ್ಪರ್ಧೆಯ ಹೆಸರಲ್ಲಿ ಆಕಾಶಕ್ಕೆ ಎಸೆದು ಕೈ ತೊಳೆದುಕೊಳ್ಳಬಹುದು. ಮಿಕ್ಕ ಹಾನಿಯನ್ನು ಅನುಭವಿಸಬೇಕು.

ಹಾಗಾಗಿ ಆಟ ಬಲ್ಲವನ ಲೆಕ್ಕವೆಲ್ಲ ಯಾವಾಗ ಎಂಬುದರ ಮೇಲೆ. ಕ್ಯೂಬಾದಲ್ಲಿ ತನ್ನದೇನೂ ಇಲ್ಲದ ಹೊತ್ತು ನೋಡಿ ಕ್ಯಾಸ್ಟ್ರೊ ಎಲೆ ಇಳಿಸಿದರೆ ನಷ್ಟ ಕಡಿಮೆ, ಒಮ್ಮೆ ನಡೆದ ಮೇಲೆ ಆ ಎಲೆ ಮತ್ತೆ ಬರೋದಿಲ್ಲ. ಅಡತಿ ಅಂಗಡಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದರ ಬೀಳುತ್ತೆ ಅಂತ ಗೊತ್ತಾದ ಮಾಲನ್ನು ಇವತ್ತೇ ಸ್ವಲ್ಪ ನಷ್ಟಕ್ಕೆ ಕೊಡೋದೋ, ಉಗ್ರಾಣದಲ್ಲಿ ಇಟ್ಟು ಕಾಯೋದೋ?

ಇನ್ನೊಂದು ಕಟ್ಟು ಇದೆ. ‘ಡೆಫ್‌ಕಾನ್’ ಅಂತ ಅಮೆರಿಕದ ಸೇನೆಯ ಎಚ್ಚರಿಕೆಯ ಮಟ್ಟ, ಐದರಿಂದ ಒಂದರವರೆಗೆ. ಐದು ಅಂದರೆ ಶಾಂತಿ, ಒಂದು ಅಂದರೆ ಅಣುಯುದ್ಧ. ಮುಖ್ಯವಾದ ದೇಶದಲ್ಲಿ ಕ್ಷಿಪ್ರಕ್ರಾಂತಿ ಮಾಡಿಸಿದರೆ ಒಂದು ಮೆಟ್ಟಿಲು ಇಳಿಯುತ್ತದೆ. ಯಾರ ಸರದಿಯಲ್ಲಿ ಅದು ಒಂದಕ್ಕೆ ಮುಟ್ಟಿತೋ ಅವನು ಸೋತ, ಅಂಕ ಎಷ್ಟೇ ಇರಲಿ. ಎದುರಾಳಿಯ ಎಲೆಯಿಂದಲೇ ಇಳಿದರೂ ಆಡಿದವನೇ ಹೊಣೆ. ನಿಜದಲ್ಲಿ 1962ರ ಅಕ್ಟೋಬರ್ 24ರಂದು, ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನಲ್ಲಿ, ಅಮೆರಿಕದ ಬಾಂಬರ್ ಪಡೆ ಎರಡನೇ ಮಟ್ಟಕ್ಕೆ ಇಳಿದಿತ್ತು. ನಾಲ್ಕು ದಿನ ಮೊದಲಷ್ಟೇ, ಅಕ್ಟೋಬರ್ 20ಕ್ಕೆ, ಚೀನಾದ ಸೇನೆ ನಮ್ಮ ಗಡಿ ದಾಟಿತ್ತು. ಎರಡೂ ದೊಡ್ಡ ರಾಷ್ಟ್ರಗಳ ಕಣ್ಣು ಆಗ ಬೇರೆ ಕಡೆ ಇತ್ತು.

ಗೋಧಿಯೂ ಒಂದು ಎಲೆ

ರೈತರು ನೋಡಬೇಕಾದ ಎಲೆಯೊಂದಿದೆ, ‘ಸೋವಿಯತ್ತಿಗೆ ಧಾನ್ಯ ಮಾರಾಟ’. ಇದು ಅಮೆರಿಕದ ಲಾಭದ ಎಲೆ. ಆಡಿದರೆ ರಷ್ಯಾದವನ ಕೈಯಿಂದ ಒಂದು ಎಲೆಯನ್ನು ಕಣ್ಣು ಮುಚ್ಚಿ ಎಳೆದು, ಬೇಕಾದರೆ ತಾನೇ ಆಡಬಹುದು. ಧಾನ್ಯ ಕೊಟ್ಟವನಿಗೆ ಕೊಂಡವನ ಮೇಲೆ ಹಿಡಿತ ಸಿಗುತ್ತೆ ಅನ್ನೋದು ಆಟದ ತರ್ಕ.

ಚರಿತ್ರೆ ಅಷ್ಟು ಸರಳ ಇಲ್ಲ. 1972ರ ಬೇಸಿಗೆಯಲ್ಲಿ ಬೆಳೆ ಕೆಟ್ಟ ರಷ್ಯಾ ಅಮೆರಿಕದ ಪೇಟೆಗೆ ಬಂತು. ಅದರ ಖರೀದಿದಾರರು ಒಂದೊಂದು ಕಂಪನಿಯ ಜೊತೆ ಬೇರೆಬೇರೆಯಾಗಿ, ಒಬ್ಬರಿಗೆ ಇನ್ನೊಬ್ಬರ ಸುದ್ದಿ ತಿಳಿಯದಂತೆ ವ್ಯವಹಾರ ಕುದುರಿಸಿದರು. ಒಂದು ಕೋಟಿ ಟನ್ನಿಗೂ ಮೀರಿದ ಗೋಧಿ ಹಳೇ ದರಕ್ಕೇ ಹೋಯಿತು. ಮೇಲಿಂದ ಅಮೆರಿಕ ಸರ್ಕಾರವೇ ರಫ್ತಿಗೆ ಸಹಾಯಧನ ಕೊಟ್ಟಿತ್ತು! ಸುದ್ದಿ ಹೊರಬೀಳುವ ಹೊತ್ತಿಗೆ ಅಮೆರಿಕದ ಎಷ್ಟೋ ರೈತರು ಕಡಿಮೆ ದರಕ್ಕೆ ಮಾರಿ ಆಗಿತ್ತು. ವರ್ಷ ತುಂಬುವುದರೊಳಗೆ ಗೋಧಿ ಬೆಲೆ ಎರಡು ಪಟ್ಟಿಗೂ ಹೆಚ್ಚಾಯಿತು. ಆಗ ಹಿಡಿತ ಯಾರ ಕೈಯಲ್ಲಿತ್ತು? ಮುಂದೆ 1980ರ ಜನವರಿಯಲ್ಲಿ, ಅಫ್ಘಾನಿಸ್ತಾನಕ್ಕೆ ಸೈನ್ಯ ನುಗ್ಗಿಸಿದ್ದಕ್ಕೆ, ಅಧ್ಯಕ್ಷ ಕಾರ್ಟರ್ 1.7 ಕೋಟಿ ಟನ್ ಧಾನ್ಯ ತಡೆಹಿಡಿದರು. ರಷ್ಯಾ ಅರ್ಜೆಂಟೀನಾದ ಬಾಗಿಲು ತಟ್ಟಿತು. ಸಿಟ್ಟಾದವರು ಅಮೆರಿಕದ ರೈತರೇ. 1981ರ ಏಪ್ರಿಲ್‌ನಲ್ಲಿ ರೇಗನ್ ಆ ತಡೆ ತೆಗೆದುಹಾಕಿದರು.

ನಮ್ಮ ಅನುಭವ ಬೇರೆ. ಪಿ.ಎಲ್. 480 ಎಂಬ 1954ರ ಕಾಯ್ದೆಯಡಿ ಅಮೆರಿಕದ ಗೋಧಿ ನಮಗೆ ಬರುತ್ತಿತ್ತು. 1965-66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಅದನ್ನು ತಿಂಗಳು ತಿಂಗಳಿಗೆ ಅಳೆದು ಬಿಟ್ಟರು. ನಮ್ಮ ಕೃಷಿ ನೀತಿ ಬದಲಾಗಬೇಕು ಎಂಬುದು ಒಂದು ಕಾರಣ, ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ದೆಹಲಿ ಟೀಕಿಸಿದ್ದು ಇನ್ನೊಂದು. ಇಲ್ಲಿ ಮಾತ್ರ ಆಟದ ತರ್ಕ ಸರಿಯಾಗಿ ಕೂರುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ಹೊಲಗಳಿಗೆಲ್ಲ ಹಬ್ಬಿದ ಕಾಂಗ್ರೆಸ್ ಕಳೆಯ ಬೀಜ ಈ ಗೋಧಿಯ ಜೊತೆಗೇ ಬಂತು ಎಂಬ ಮಾತೂ ಉಂಟು. ಅದಕ್ಕೊಂದು ಎಲೆ ಮಾಡೋಕೆ ಯಾರಿಗೂ ಹೊಳೆದಿಲ್ಲ.

ಮಣೆಯ ಮೇಲೆ ಭಾರತಕ್ಕೆ ಹಾಕಿರುವ ಅಂಕೆ ಮೂರು. ಅದು ದೇಶದ ಸ್ಥಿರತೆಯ ಅಳತೆ. ಬ್ರಿಟನ್ನಿಗೆ ಐದು, ಪಾಕಿಸ್ತಾನಕ್ಕೆ ಎರಡು, ಫ್ರಾನ್ಸಿಗೆ ನಮ್ಮಷ್ಟೇ. ಎದುರಾಳಿಗಿಂತ ಮೂರು ಬಿಲ್ಲೆ ಹೆಚ್ಚು ಇಟ್ಟವನದು ಭಾರತ! ‘ಭಾರತ-ಪಾಕ್ ಯುದ್ಧ’ ಅಂತಲೂ ಒಂದು ಎಲೆ ಇದೆ. ಆಡಿದವನು ಎರಡರಲ್ಲೊಂದು ದೇಶ ಆರಿಸಿ ದಾಳ ಹಾಕುತ್ತಾನೆ, ಗೆದ್ದರೆ ಎರಡು ಅಂಕ. ನಿಜದ 1971ರಲ್ಲಿ ಆಗಸ್ಟ್ 9ಕ್ಕೆ ಇಂದಿರಾ ಗಾಂಧಿ ಸರ್ಕಾರ ರಷ್ಯಾದ ಜೊತೆ ಒಪ್ಪಂದ ಮಾಡಿಕೊಂಡಿತು. ಡಿಸೆಂಬರಿನಲ್ಲಿ ಅಮೆರಿಕ ‘ಎಂಟರ್‌ಪ್ರೈಸ್’ ಯುದ್ಧನೌಕೆಯನ್ನು ಬಂಗಾಳ ಕೊಲ್ಲಿಗೆ ಕಳಿಸಿತು. ಆದರೂ ಆ ಯುದ್ಧದಿಂದ ಹುಟ್ಟಿದ್ದು ಯಾರದೋ ಎರಡು ಅಂಕ ಅಲ್ಲ, ಒಂದು ಹೊಸ ದೇಶ. ಆ ಬಾಂಗ್ಲಾದೇಶಕ್ಕೆ ಮಣೆಯ ಮೇಲೆ ಮನೆಯೇ ಇಲ್ಲ. 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಸೇರಿದ ಅಲಿಪ್ತ ರಾಷ್ಟ್ರಗಳಿಗೂ 110ರಲ್ಲಿ ಒಂದು ಎಲೆ ಸಿಕ್ಕಿಲ್ಲ.

ಆಟ ಕಟ್ಟಿದವರು ಇದನ್ನು ಮುಚ್ಚಿಟ್ಟಿಲ್ಲ. ಶೀತಲ ಸಮರದ ಕಾಲದ ನಂಬಿಕೆಗಳನ್ನು, ಸುಳ್ಳೆಂದು ಸಾಬೀತಾದವನ್ನೂ ಸೇರಿಸಿ, ನಿಜ ಅಂತಲೇ ಇಟ್ಟುಕೊಂಡು ಆಟ ಮಾಡಿದ್ದೇವೆ ಎಂದು ಟಿಪ್ಪಣಿಯಲ್ಲಿ ಬರೆದಿದ್ದಾರೆ. ಒಂದು ದೇಶ ಉರುಳಿದರೆ ಪಕ್ಕದ್ದೂ ಉರುಳುತ್ತೆ ಎಂಬ ನಂಬಿಕೆ ಅವುಗಳಲ್ಲೊಂದು. ವಾಷಿಂಗ್ಟನ್ನಿನಲ್ಲೂ ಮಾಸ್ಕೋದಲ್ಲೂ ಕೂತವರಿಗೆ ಜಗತ್ತು ಹೇಗೆ ಕಾಣುತ್ತಿತ್ತು ಎಂಬುದನ್ನು ದಪ್ಪ ಪುಸ್ತಕಗಳಿಗಿಂತ ಚೆನ್ನಾಗಿ ಈ ಮಣೆ ತೋರಿಸುತ್ತದೆ ಎಂದೇ ನನ್ನ ಅಭಿಪ್ರಾಯ.

ಹೊಸಬರು ಯಾವ ಕಡೆ ಕೂರಬೇಕು? ನುರಿತವರ ನಡುವೆ ರಷ್ಯಾ ಕಡೆಗೆ ಗೆಲುವು ತುಸು ಹೆಚ್ಚು ಎಂಬ ಅಂದಾಜಿದೆ. ಅದಕ್ಕೇ ಅಮೆರಿಕದವನಿಗೆ ಮೊದಲೇ ಎರಡು ಬಿಲ್ಲೆ ಹೆಚ್ಚು ಕೊಡುವುದು ರೂಢಿ. ಪಂದ್ಯಗಳಲ್ಲಿ ಹರಾಜೂ ನಡೆಯುತ್ತದೆ. ರಷ್ಯಾ ಬೇಕಾದವನು ‘ನಿನಗೆ ಎರಡು ಬಿಲ್ಲೆ ಬಿಡ್ತೀನಿ’ ಅಂತಾನೆ, ಇನ್ನೊಬ್ಬ ‘ನಾನು ಮೂರು’ ಅಂತಾನೆ. ಯಾರು ಹೆಚ್ಚು ಬಿಟ್ಟುಕೊಡಲು ತಯಾರೋ ಅವನಿಗೆ ರಷ್ಯಾ.