ಎರಡು ಬರ್ನರ್, ಎಂಟು ಎಲೆ

ಕೆಲಸ ಹುಡುಕುತ್ತಿರುವವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಯಾವುದು ಗೊತ್ತಾ? ‘ಒಂದು ಕೆಲಸ ಅಂತ ಆಗ್ಲಿ, ಆಮೇಲೆ ನೋಡೋಣ’. ಹೊಸ ಚಪ್ಪಲಿ, ತಂಗಿಗೊಂದು ವಾಚು, ಗೆಳೆಯರಿಗೊಂದು ಊಟ, ಎಲ್ಲವೂ ಆ ‘ಆಮೇಲೆ’ ಎಂಬ ಚೀಲದೊಳಗೆ ಹೋಗಿ ಬೀಳುತ್ತವೆ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರ್‌ಗಳ ಸುತ್ತಮುತ್ತ ಬಾಡಿಗೆಗಿರುವ ನಮ್ಮಂಥವರ ಚೀಲವಂತೂ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಲೇ ಇರುತ್ತದೆ. ಕಳೆದ ಡಿಸೆಂಬರ್‌ನಲ್ಲಿ ನಾನು ಅದಕ್ಕೆ ಕೈ ಹಾಕಿ ಒಂದನ್ನು ಹೊರಗೆ ತೆಗೆದೆ. ಎಂಟು ಜನಕ್ಕೆ ಮನೆಯಲ್ಲೇ ಕ್ರಿಸ್‌ಮಸ್ ಅಡುಗೆ ಮಾಡಿದೆ.

ನಾನು ಉಡುಪಿ ಜಿಲ್ಲೆಯವನು, ಮನೆಮಾತು ಕೊಂಕಣಿ. ಬಿ.ಕಾಂ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಸಂಜೆ ಮೂವರು ಮಕ್ಕಳಿಗೆ ಟ್ಯೂಷನ್ ಹೇಳಿ ನನ್ನ ಖರ್ಚು ನಿಭಾಯಿಸುತ್ತೇನೆ. ನಮ್ಮ ಕಡೆ ಕ್ರಿಸ್‌ಮಸ್ ಬಂತೆಂದರೆ ಅಮ್ಮಂದಿರು ವಾರ ಮೊದಲೇ ‘ಕುಸ್ವಾರ್’ ಮಾಡಲು ಕೂರುತ್ತಾರೆ. ಕುಸ್ವಾರ್ ಎಂದರೆ ಹಬ್ಬದ ತಿಂಡಿಗಳ ಬಳಗ. ಕರ್ಜಿಕಾಯಿಯನ್ನು ಹೋಲುವ ನೆವ್ರ್ಯೊ, ಬೆರಳುದ್ದದ ಗರಿಗರಿ ಕಿಡ್ಯೊ, ಅಚ್ಚಿನಿಂದ ಎಣ್ಣೆಗೆ ಬಿಡುವ ಹೂವಿನಂಥ ಕೊಕ್ಕಿಸಾಂ ಎಲ್ಲ ಅದರಲ್ಲಿರುತ್ತವೆ. ಅವನ್ನು ತಟ್ಟೆಗಳಿಗೆ ತುಂಬಿ ಅಕ್ಕಪಕ್ಕದ ಮನೆಗಳಿಗೆಲ್ಲ ಕೊಡುವುದು ಮಕ್ಕಳ ಕೆಲಸ. ಆ ಮನೆಗಳಿಂದ ಚೌತಿಗೆ, ದೀಪಾವಳಿಗೆ ನಮಗೂ ತಿಂಡಿ ಬರುತ್ತದೆ. ಯಾರೂ ಲೆಕ್ಕ ಬರೆದಿಡುವುದಿಲ್ಲ. ಆದರೆ ಬಂದ ತಟ್ಟೆಗೆ ಪ್ರತಿಯಾಗಿ ಒಂದು ತಟ್ಟೆ ಹೋಗಲೇಬೇಕೆಂಬುದು ಎಲ್ಲರಿಗೂ ಗೊತ್ತು.

ಬೆಂಗಳೂರಿನಲ್ಲಿ ನನ್ನ ಕಡೆಯಿಂದ ಮಾತ್ರ ತಟ್ಟೆ ಹೋಗಿರಲಿಲ್ಲ. ಸಂಕ್ರಾಂತಿಗೆ ಮೇಲಿನ ಮನೆಯ ಓನರ್ ಅಜ್ಜಿ ಎಳ್ಳು ಬೆಲ್ಲ ಕೊಟ್ಟಿದ್ದರು. ಯುಗಾದಿಗೆ ಹಾವೇರಿಯ ರೂಮ್‌ಮೇಟ್ ತನ್ನ ಊರಿಗೇ ಕರೆದುಕೊಂಡು ಹೋಗಿ ಹೋಳಿಗೆ ಉಣ್ಣಿಸಿದ್ದ. ರಂಜಾನ್ ತಿಂಗಳಲ್ಲಿ ಕಲಬುರಗಿಯ ರೂಮ್‌ಮೇಟ್ ನಾನು ಲೈಬ್ರರಿಯಿಂದ ಬರುವುದು ತಡವಾದರೆ ನನ್ನ ಪಾಲು ತೆಗೆದಿಟ್ಟಿರುತ್ತಿದ್ದ. ಮಂಡ್ಯದ ಗೆಳೆಯನ ಊರಹಬ್ಬದಲ್ಲಿ ಎರಡು ಮುದ್ದೆ ನುಂಗಿ ಬಂದಿದ್ದೆ. ಕೋಲಾರದ ಅಕ್ಕ ತಮ್ಮ ನಮ್ಮ ಕೋಚಿಂಗ್ ಕ್ಲಾಸಿನವರು. ಬೇಸಿಗೆಯಲ್ಲಿ ಅವರು ಒಂದು ಪೆಟ್ಟಿಗೆ ಮಾವು ತಂದು ಬಾಗಿಲಲ್ಲಿ ಇಟ್ಟುಹೋಗಿದ್ದರು. ವರ್ಷವಿಡೀ ನಾನು ಉಂಡವನು, ಒಮ್ಮೆಯೂ ಬಡಿಸಿದವನಲ್ಲ. ಸಂಬಳವಿಲ್ಲದವನಿಗೆ ನಿಜವಾಗಿ ಚುಚ್ಚುವುದು ಹಸಿವಲ್ಲ, ಸದಾ ಅತಿಥಿಯಾಗಿಯೇ ಉಳಿಯುವ ಈ ಸಂಕೋಚ. ಅದು ಬೆಳೆದಂತೆ ಕರೆದರೂ ಹೋಗಲು ಮನಸ್ಸು ಬರುವುದಿಲ್ಲ. ನಿಧಾನವಾಗಿ ಕರೆಯುವವರೂ ಕಡಿಮೆಯಾಗುತ್ತಾರೆ.

ಡಿಸೆಂಬರ್ 28ಕ್ಕೆ ಒಂದು ಪರೀಕ್ಷೆ ಇತ್ತು. ಹಬ್ಬದ ವಾರದಲ್ಲಿ ಬಸ್ಸಿನ ದರ ಹೋಗಿ ಬರಲು 3,000 ರೂಪಾಯಿ ದಾಟುತ್ತಿತ್ತು. ಅಮ್ಮನಿಗೆ ಫೋನ್ ಮಾಡಿ, ‘ಈ ಸಲ ಬರೋಕಾಗಲ್ಲ. ಇಲ್ಲೇ ಹುಡುಗರಿಗೆ ಊಟ ಹಾಕ್ತೇನೆ’ ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮೌನ. ನಂತರ, ‘ಎಷ್ಟು ಜನ ಪುತಾ?’ ಎಂದರು. ಆ ಪ್ರಶ್ನೆಯಿಂದಲೇ ಅಡುಗೆ ಶುರುವಾಯಿತು.

ಮೊದಲು ಜನ, ಆಮೇಲೆ ಅಡುಗೆ

ಏನೇನು ಮಾಡಬೇಕೆಂದು ಬರೆಯುವ ಮೊದಲು ಯಾರ್‍ಯಾರು ಬರುತ್ತಾರೆಂದು ಬರೆದೆ. ನಾವು ರೂಮಿನ ಮೂವರು, ಮಂಡ್ಯದ ಗೆಳೆಯ, ಕೋಲಾರದ ಅಕ್ಕ ತಮ್ಮ, ಎರಡು ವರ್ಷದಿಂದ ಹಬ್ಬಕ್ಕೆ ಊರಿಗೆ ಹೋಗಿರದ ಲೈಬ್ರರಿಯ ರಾಯಚೂರಿನ ಗೆಳೆಯ, ಮತ್ತೆ ಅಜ್ಜಿ. ಒಟ್ಟು ಎಂಟು. ಹಾವೇರಿಯವನು ಮತ್ತು ಅಜ್ಜಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಕಲಬುರಗಿಯವನು ಹಂದಿ ಮಾಂಸ ಮುಟ್ಟುವುದಿಲ್ಲ, ಕೋಳಿಯಾದರೆ ಹಲಾಲ್ ಆಗಿರಬೇಕು.

ನಮ್ಮ ಕಡೆಯ ಕ್ರಿಸ್‌ಮಸ್ ಎಂದರೆ ಸಾನ್ನಾಂ ಮತ್ತು ಹಂದಿ ಮಾಂಸದ ಬಾಫಾತ್. ಇರುವುದು ಒಂದೇ ಅಡುಗೆಮನೆ, ಎರಡೇ ಬರ್ನರಿನ ಸ್ಟೌ. ಹಂದಿ ಬೇಡ ಎಂದು ತೀರ್ಮಾನಿಸಿದೆ. ‘ದುಕ್ರಾಮಾಸ್ ಇಲ್ಲದ ಕ್ರಿಸ್‌ಮಸ್ಸಾ?’ ಎಂದು ಅಮ್ಮ ಕೇಳಿದರು. ಕಾರಣ ಹೇಳಿದೆ. ‘ಹಾಗಾದ್ರೆ ಅದೇ ಪುಡಿ ಕೋಳಿಗೆ ಹಾಕು. ರುಚಿ ಇರೋದು ಪುಡಿಯಲ್ಲಿ’ ಎಂದು ಮರುದಿನವೇ ಊರಿನ ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಿದರು. ಒಂದು ಡಬ್ಬಿ ಕುಸ್ವಾರ್, ಒಂದು ಬಾಟಲಿ ಬಾಫಾತ್ ಪುಡಿ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನವನ್ನು ಮೇ ತಿಂಗಳ ಬಿಸಿಲಲ್ಲಿ ಒಣಗಿಸಿ ಮಾಡುವ ಪುಡಿ ಅದು. ಕೆಂಪು ಬಣ್ಣ ಬ್ಯಾಡಗಿ ಮೆಣಸಿನದು ಎಂದು ಹೇಳಿದಾಗ ಹಾವೇರಿಯ ರೂಮ್‌ಮೇಟ್, ‘ಹಂಗಾರ ನಿಮ್ಮ ಹಬ್ಬಕ್ಕ ಬಣ್ಣ ಕೊಟ್ಟಾವ್ರು ನಾವ ಅಲ್ಲೇನ್ಲೇ!’ ಎಂದು ಬೀಗಿದ. ಬ್ಯಾಡಗಿ ಇರುವುದು ಅವನ ಜಿಲ್ಲೆಯಲ್ಲೇ.

ಕೊನೆಗೆ ಪಟ್ಟಿ ಹೀಗಾಯಿತು. ಎಲ್ಲರಿಗೂ ಸಾನ್ನಾಂ, ಕಡಲೆ ಮತ್ತು ಸುವರ್ಣಗಡ್ಡೆಯ ಸುಕ್ಕ, ವೊರ್ನ್. ಆರು ಜನಕ್ಕೆ ಕೋಳಿ ಬಾಫಾತ್. ವೊರ್ನ್ ಎಂದರೆ ಹೆಸರುಕಾಳು, ಬೆಲ್ಲ, ತೆಂಗಿನ ಹಾಲಿನ ಪಾಯಸ. ಕೇಕ್ ಬೇಕರಿಯಿಂದ ಅರ್ಧ ಕೆ.ಜಿ. ಗಮನಿಸಿ, ಸಸ್ಯಾಹಾರಿಗಳಿಗೆಂದು ಮೂಲೆಯಲ್ಲಿ ಬೇರೆ ಸಾರು ಮಾಡಲಿಲ್ಲ. ನಾಲ್ಕರಲ್ಲಿ ಮೂರು ಪದಾರ್ಥ ಎಲ್ಲರಿಗೂ ಸೇರಿದ್ದು. ಅವನ್ನು ಅಜ್ಜಿಯ ಮನೆಯ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ, ಕೋಳಿ ಮನೆಯೊಳಗೆ ಬರುವ ಮೊದಲೇ ಮಾಡಿಡುವುದೆಂದು ಅಜ್ಜಿಗೆ ಮಾತು ಕೊಟ್ಟೆ.

ಗಡಿಯಾರ ಹಿಂದಕ್ಕೆ ಓಡಲಿ

ಪರೀಕ್ಷೆಗೆ ಓದುವವರಿಗೆ ಟೈಮ್‌ಟೇಬಲ್ ಹಾಕುವುದು ಹೊಸದೇನಲ್ಲ. ಅಡುಗೆಗೆ ಮಾತ್ರ ಅದನ್ನು ಕೊನೆಯಿಂದ ಬರೆಯಬೇಕು. ಊಟ ರಾತ್ರಿ 8ಕ್ಕೆ. ಸಾನ್ನಾಂ ಬಿಸಿಯಾಗಿರಬೇಕು. ಒಬ್ಬರಿಗೆ ನಾಲ್ಕರಂತೆ 32 ಬೇಕು, ನಾಲ್ಕು ಹೆಚ್ಚಿಗೆ ಇರಲಿ. ಹಬೆಪಾತ್ರೆಯಲ್ಲಿ ಒಮ್ಮೆಗೆ 12 ಬಟ್ಟಲು ಹಿಡಿಯುತ್ತವೆ. ಒಂದು ಸುತ್ತಿಗೆ 20 ನಿಮಿಷ. ಅಂದರೆ ಮೂರು ಸುತ್ತಿಗೆ ಒಂದು ಗಂಟೆ, ಇಳಿಸಿ ಏರಿಸುವುದಕ್ಕೆ ಹದಿನೈದು ನಿಮಿಷ. 6.45ಕ್ಕೆ ಹಬೆಗೆ ಇಡಬೇಕು.

ಊರಲ್ಲಿ ಸಾನ್ನಾಂ ಹಿಟ್ಟು ಉಬ್ಬುವುದು ಕಳ್ಳಿನಿಂದ. ಇಲ್ಲಿ ಅದು ಸಿಗುವುದಿಲ್ಲವಾದ್ದರಿಂದ ಉಗುರುಬೆಚ್ಚಗಿನ ನೀರು, ಚೂರು ಸಕ್ಕರೆ ಹಾಕಿ ನೊರೆ ಬರಿಸಿದ ಯೀಸ್ಟ್. ಬೆಂಗಳೂರಿನ ಡಿಸೆಂಬರ್ ಚಳಿಗೆ ಹಿಟ್ಟು ಬೇಗ ಏಳುವುದಿಲ್ಲ, ಮೂರು ಗಂಟೆಯಾದರೂ ಕೊಡಬೇಕು. ಹಾಗಾಗಿ 3.30ರೊಳಗೆ ರುಬ್ಬಿ ಮುಗಿಯಬೇಕು. ಅಕ್ಕಿ, ಉದ್ದು ಆರು ಗಂಟೆ ನೆನೆಯಬೇಕು. ಅಂದರೆ ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಬಂದವನೇ 9 ಗಂಟೆಯೊಳಗೆ ನೆನೆಹಾಕಬೇಕು. ಅಳತೆ ಅಮ್ಮನದು. ಕುಚ್ಚಲಕ್ಕಿ, ಬೆಳ್ತಿಗೆ ಸೇರಿ ಮುಕ್ಕಾಲು ಕೆ.ಜಿ.ಗೆ 200 ಗ್ರಾಂ ಉದ್ದು.

ಉಳಿದದ್ದನ್ನು ಈ ನಡುವಿನ ಖಾಲಿ ಜಾಗಗಳಿಗೆ ತುಂಬಿದೆ. ಕಡಲೆ 24ರ ರಾತ್ರಿಯೇ ನೆನೆಯಿತು. 25ರ ಬೆಳಿಗ್ಗೆ ಒಂದು ಬರ್ನರಿನಲ್ಲಿ ಕುಕ್ಕರ್, ಇನ್ನೊಂದರಲ್ಲಿ ಸುಕ್ಕಕ್ಕೆ ತೆಂಗಿನ ತುರಿ ಮತ್ತು ಮಸಾಲೆ ಹುರಿಯುವುದು. ಹನ್ನೆರಡರೊಳಗೆ ಸುಕ್ಕ, ವೊರ್ನ್ ಎರಡೂ ಮುಗಿದವು. ಆಮೇಲೆ ಕೋಳಿ. ಬಾಫಾತ್‌ಗೆ ತೆಂಗಿನಕಾಯಿ ಇಲ್ಲ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಪುಡಿ, ಹುಳಿಗೆ ಚೂರು ವಿನೆಗರ್. ಸಣ್ಣ ಉರಿಯಲ್ಲಿ ಬೆಂದು ನಾಲ್ಕೈದು ಗಂಟೆ ಹಾಗೇ ಕೂತರೆ ಮಸಾಲೆ ಹಿಡಿಯುತ್ತದೆ. ಹೀಗೆ ಕಾಯುವ ಪದಾರ್ಥ ಮೊದಲು, ಕಾಯಲಾರದ್ದು ಕೊನೆಗೆ. ನಮ್ಮದು 5 ಕೆ.ಜಿ.ಯ ಸಣ್ಣ ಸಿಲಿಂಡರ್. ಅದನ್ನು 23ರಂದೇ ತುಂಬಿಸಿಕೊಂಡು ಬಂದಿದ್ದೆವು.

ಇನ್ನು ದುಡ್ಡು. ಟ್ಯೂಷನ್ ಹಣದಲ್ಲಿ 2,000 ರೂಪಾಯಿ ತೆಗೆದಿಟ್ಟಿದ್ದೆ. ಕೋಳಿ ಒಬ್ಬರಿಗೆ ಕಾಲು ಕೆ.ಜಿ.ಯಂತೆ ಒಂದೂವರೆ ಕೆ.ಜಿ., 390 ರೂಪಾಯಿ. ತಂದದ್ದು ಕಲಬುರಗಿಯವನು ಸದಾ ಕೊಳ್ಳುವ ಅಂಗಡಿಯಿಂದಲೇ. ನಾಲ್ಕು ತೆಂಗಿನಕಾಯಿ 200, ಗೋಡಂಬಿ 100, ಕೇಕ್ 220, ಬಾಗಿಲಿಗೆ ಕಟ್ಟಲು ಒಂದು ನಕ್ಷತ್ರ 150. ಅಕ್ಕಿ, ಬೇಳೆಕಾಳು, ಬೆಲ್ಲ, ತರಕಾರಿ, ದ್ರಾಕ್ಷಿ, ಬಾಳೆಲೆ ಎಲ್ಲ ಸೇರಿ 665. ಒಟ್ಟು 1,725. ಎಂಟು ಜನ ಹೋಟೆಲಿಗೆ ಹೋಗಿ ಒಂದೊಂದು ಬಿರಿಯಾನಿ, ಒಂದೊಂದು ಜ್ಯೂಸು ಅಂದರೂ ಇದಕ್ಕಿಂತ ಹೆಚ್ಚಾಗುತ್ತಿತ್ತು.

ಕರೆಂಟು ಹೋಯಿತು

ಮಧ್ಯಾಹ್ನ 2.50. ಮಿಕ್ಸಿಗೆ ಉದ್ದು ಹಾಕಿ ಬಟನ್ ಒತ್ತಿದ್ದೇ, ಒಂದು ಸುತ್ತು ತಿರುಗಿ ನಿಂತಿತು. ಬೀದಿಗೆ ಬೀದಿಯೇ ಕರೆಂಟಿಲ್ಲ. ಹತ್ತು ನಿಮಿಷ ಕಾದೆ, ಬರಲಿಲ್ಲ. ಟೈಮ್‌ಟೇಬಲ್ ಕಣ್ಣೆದುರಿಗೇ ಜಾರತೊಡಗಿತು. ಅಂಗಡಿಯಿಂದ ಇಡ್ಲಿ ಹಿಟ್ಟು ತರೋಣವೆಂದು ಮಂಡ್ಯದವನು ಅಂದ. ಅಮ್ಮನಿಗೆ ಈಗ ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಮೆಟ್ಟಿಲ ಮೇಲಿಂದ ಅಜ್ಜಿಯ ದನಿ ಬಂತು: ‘ಹಿತ್ತಲಲ್ಲಿ ಒರಳುಕಲ್ಲಿದೆ ಕಣ್ರಪ್ಪ. ತೊಳಕೊಳ್ಳಿ.’

ಆ ಒರಳಿನ ಮೇಲೆ ವರ್ಷಗಳಿಂದ ಒಂದು ದಾಸವಾಳದ ಕುಂಡ ಕೂತಿತ್ತು. ಕುಂಡ ಇಳಿಸಿ, ಕಲ್ಲನ್ನು ಮೂರು ಸಲ ಉಜ್ಜಿ, ಬಿಸಿನೀರು ಹಾಕಿ ತೊಳೆದೆವು. ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ‘ಮೊದಲು ಉದ್ದು. ನೀರು ಸುರೀಬೇಡ, ಚಿಮುಕಿಸು. ಗುಂಡು ತಿರುಗೋವಾಗ ಬೆರಳು ಒಳಗೆ ಇಡಬೇಡ.’ ಜಿಮ್‌ಗೆ ಹೋಗುವ ಮಂಡ್ಯದವನು ಹತ್ತು ನಿಮಿಷಕ್ಕೆ ಉಸ್ಸೆಂದ. ಕಲಬುರಗಿಯವನು ಶರಟಿನ ತೋಳು ಮಡಿಸಿ ಕೂತ. ಹಾವೇರಿಯವನು ತನ್ನ ಸರದಿಗಾಗಿ ಜಗಳವಾಡಿದ. 4.10ಕ್ಕೆ ಹಿಟ್ಟು ಸಿದ್ಧವಾಯಿತು. ಕಳೆದುಹೋದ ಸಮಯ ಸ್ವಲ್ಪವಾದರೂ ಸಿಗಲೆಂದು ಪಾತ್ರೆಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಸಿ, ಮೇಲೆ ನನ್ನ ಕಂಬಳಿ ಹೊದೆಸಿದೆವು. ಕರೆಂಟು ಬಂದದ್ದು 4.45ಕ್ಕೆ. ಅಷ್ಟರಲ್ಲಿ ಅದು ಯಾರಿಗೂ ಬೇಕಿರಲಿಲ್ಲ.

ಏಳು ಗಂಟೆಗೆ ಮುಚ್ಚಳ ತೆಗೆದರೆ ಹಿಟ್ಟು ಅಂಚಿನವರೆಗೆ ಎದ್ದಿತ್ತು. ಬಟ್ಟಲುಗಳು ಸಾಕಾಗದೆ ಕೋಲಾರದ ಅಕ್ಕ ಅಕ್ಕಪಕ್ಕದ ಎರಡು ಮನೆಗಳಿಂದ ಕೇಳಿ ತಂದರು. ವಾಪಸ್ ಕೊಡುವಾಗ ಅವುಗಳಲ್ಲಿ ಕುಸ್ವಾರ್ ತುಂಬಿ ಕಳಿಸಿದೆ. ಎಂಟೂವರೆಗೆ ಎಂಟು ಎಲೆ ಬಿದ್ದವು. ಅಜ್ಜಿಯ ಮತ್ತು ಹಾವೇರಿಯವನ ಎಲೆ ಒಂದು ತುದಿಯಲ್ಲಿ, ಕೋಳಿಯ ಪಾತ್ರೆ ಇನ್ನೊಂದು ತುದಿಯಲ್ಲಿ. ಎರಡು ನಿಮಿಷದ ಪ್ರಾರ್ಥನೆ ಹೇಳಿ ಬಡಿಸಲು ನಿಂತೆ.

ಅಮ್ಮ ವಿಡಿಯೊ ಕಾಲ್‌ನಲ್ಲಿದ್ದರು. ಮೊದಲು ನೋಡಿದ್ದು ನನ್ನ ಮುಖವಲ್ಲ, ಸಾನ್ನಾಂ. ‘ಒಂದು ಮುರಿದು ತೋರಿಸು’ ಎಂದರು. ತೋರಿಸಿದೆ. ಒಳಗೆಲ್ಲ ಸಣ್ಣ ಸಣ್ಣ ತೂತು. ‘ಕಲ್ಲಿನಲ್ಲಿ ರುಬ್ಬಿದ್ದಲ್ವಾ?’ ಎಂದರು. ನಾನು ಹೇಳಿರಲಿಲ್ಲ. ಅಜ್ಜಿ ಫೋನ್ ಕೇಳಿ ಪಡೆದು ಮಾತಿಗೆ ಕೂತರು. ಇಬ್ಬರೂ ಉದ್ದು ಎಷ್ಟು ಹೊತ್ತು ನೆನೆಯಬೇಕೆಂಬುದರ ಬಗ್ಗೆ ಕಾಲು ಗಂಟೆ ಚರ್ಚೆ ಮಾಡಿದರು. ‘ಹಂದಿ ಇಲ್ವಾ ಮಗಾ?’ ಎಂದು ಮೊದಲು ಕೇಳಿದ್ದ ಮಂಡ್ಯದವನು ಬಾಫಾತ್ ಮೂರು ಸಲ ಹಾಕಿಸಿಕೊಂಡ. ರಾಯಚೂರಿನ ಗೆಳೆಯ ಮಾತು ಕಡಿಮೆ. ವೊರ್ನ್ ಎರಡನೇ ಸಲ ಬಡಿಸುವಾಗ, ‘ಎರಡ್ ವರ್ಷದ ಮ್ಯಾಲ ಎಲೀ ಮುಂದ ಕುಂತೀನಿ’ ಅಂದ. ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ಅವನ ಡಬ್ಬಿಗೆ ಹಾಕಿದೆವು.

28ರ ಪರೀಕ್ಷೆ ಬರೆದು ಬಂದೆ. ಫಲಿತಾಂಶ ಯಾವಾಗ ಬರುತ್ತದೋ, ಏನಾಗುತ್ತದೋ ನನ್ನ ಕೈಯಲ್ಲಿಲ್ಲ. ಕೆಲಸ ಸಿಗುವುದು ಅಧಿಸೂಚನೆ, ಕಟ್‌ಆಫ್, ಅದೃಷ್ಟ ಎಲ್ಲ ಸೇರಿ ಆಗುವ ಸಂಗತಿ. ಆದರೆ ಎಂಟು ಜನರನ್ನು ಕರೆದು ಉಣ್ಣಿಸುವುದಕ್ಕೆ ಇವು ಯಾವುವೂ ಬೇಕಿಲ್ಲ. ಅದಕ್ಕೆ ಬೇಕಾದದ್ದು ಒಂದು ಹಾಳೆ, ಎರಡು ಬರ್ನರ್, ಮನೆಯಿಂದ ಬಂದ ಒಂದು ಬಾಟಲಿ ಪುಡಿ, ಮತ್ತು ‘ಬನ್ನಿ’ ಎನ್ನುವ ಧೈರ್ಯ. ನಿಮ್ಮ ಹಬ್ಬ ಯಾವುದೇ ಇರಲಿ, ಎಂಟು ಜನ ಆಗದಿದ್ದರೆ ಮೂರೇ ಜನರನ್ನು ಕರೆಯಿರಿ. ದುಡ್ಡು ಕಡಿಮೆಯಿದ್ದರೆ ಒಂದೇ ಪದಾರ್ಥ ಮಾಡಿ, ಅದನ್ನು ಎಲ್ಲರೂ ತಿನ್ನುವಂತೆ ಮಾಡಿ.

ಅಂದಹಾಗೆ, ಅಜ್ಜಿಯ ಒರಳಿನ ಮೇಲೆ ದಾಸವಾಳದ ಕುಂಡ ಮತ್ತೆ ಕೂತಿಲ್ಲ. ರಾಯಚೂರಿನವನು ಮುಂದಿನ ತಿಂಗಳು ತನ್ನ ರೂಮಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುತ್ತಾನಂತೆ. ‘ಶೇಂಗಾ ಚಟ್ನಿ ಕಲ್ಲಾಗ ಕುಟ್ಟಿದ್ರ ಅದರ ರುಚೀನ ಬ್ಯಾರೆ’ ಎಂದು ಅಜ್ಜಿಯನ್ನು ಈಗಲೇ ಒಪ್ಪಿಸಿಟ್ಟಿದ್ದಾನೆ.